ಸೀಟು ಸಿಕ್ಕಿತು, ಆಸ್ಪತ್ರೆ ನೋಡಿದೆಯಾ?

ತಂಗಿಯ ಮಗಳು ಫೋನ್ ಮಾಡಿದಾಗ ರಾತ್ರಿ ಒಂಬತ್ತೂವರೆ. ಮೊಸರನ್ನ ಕಲಸಿಕೊಂಡು ಕೂತಿದ್ದೆ. "ಮಾಮ, ಪಿಜಿ ಸೀಟು ಅಲಾಟ್ ಆಯ್ತು" ಅಂದಳು. ದನಿಯಲ್ಲಿ ಇರಬೇಕಾದ ಖುಷಿ ಇರಲಿಲ್ಲ. ಎಂ.ಡಿ. ಜನರಲ್ ಮೆಡಿಸಿನ್, ಅವಳು ಬಯಸಿದ್ದ ಬ್ರಾಂಚೇ. ಕಾಲೇಜಿನ ವಿಷಯಕ್ಕೆ ಬಂದಾಗ ಮಾತು ತಡವರಿಸಿತು. "ಹೋದ ಬ್ಯಾಚಿನ ನಾಲ್ಕು ಜನದಲ್ಲಿ ಇಬ್ಬರು ಬಿಟ್ಟು ಹೋದ್ರಂತೆ ಮಾಮ. ಯಾಕೆ ಅಂತ ಯಾರೂ ಸರಿಯಾಗಿ ಹೇಳ್ತಿಲ್ಲ. ಅಪ್ಪ ಅಂತೂ, ಸೀಟು ಸಿಕ್ಕಿದ್ದೇ ಪುಣ್ಯ, ಮೂರು ವರ್ಷ ಹಲ್ಲು ಕಚ್ಚಿಕೊಂಡಿದ್ರೆ ಮುಗೀತು ಅಂತಾರೆ. ಸೇರೋಕೆ ನಾಲ್ಕು ದಿನ ಟೈಮಿದೆ. ಸೇರ್ಲಾ, ಬೇಡ್ವಾ?"

ಅವಳಿಗೆ ಆವತ್ತು ಹೇಳಿದ್ದು, ಹೇಳಲು ಮರೆತದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವಳೊಬ್ಬಳದಲ್ಲ. ಪ್ರತಿ ವರ್ಷ ಕೌನ್ಸೆಲಿಂಗ್ ಶುರುವಾದರೆ ಸಾಕು, ಗೆಳೆಯರ ಮಕ್ಕಳು, ಹಳೇ ವಿದ್ಯಾರ್ಥಿಗಳ ಮಕ್ಕಳು ಎಲ್ಲರೂ ಇದನ್ನೇ ಕೇಳುತ್ತಾರೆ.

ಭಾವನವರು ಹೇಳಿದ್ದನ್ನು ನಾನು ತೆಗೆದುಹಾಕುವುದಿಲ್ಲ. ಅವರು ಮೇಷ್ಟ್ರಾಗಿದ್ದವರು. ಮಗಳು ಇಂಟರ್ನ್‌ಶಿಪ್ ಮುಗಿಸಿ ಒಂದು ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ನೀಟ್ ಪಿಜಿಗೆ ಓದಿದ್ದನ್ನು ಕಣ್ಣಾರೆ ಕಂಡವರು. ಓರಗೆಯವರ ಮದುವೆಗೆ ಅವಳು ಹೋಗಲಿಲ್ಲ, ಹಬ್ಬದ ದಿನವೂ ತಟ್ಟೆ ಒಳಗೇ ಹೋಗುತ್ತಿತ್ತು. ಇಷ್ಟೆಲ್ಲ ಆದಮೇಲೆ ಪರದೆಯ ಮೇಲೆ ಒಂದು ಸೀಟು ಕಾಣಿಸಿದರೆ ಯಾವ ತಂದೆಗೂ ಪ್ರಶ್ನೆ ಕೇಳುವ ಮನಸ್ಸಾಗುವುದಿಲ್ಲ. ಹಸಿದು ಕೂತವರು ಅಕ್ಕಿಯಲ್ಲಿ ಕಲ್ಲು ಹುಡುಕುವುದಿಲ್ಲ. ಆದರೆ ಆ ಅನ್ನವನ್ನು ಮೂರು ವರ್ಷ ಉಣ್ಣಬೇಕಾದವರು ತಂದೆಯಲ್ಲ, ನೀವು.

ನಾನು ಮಕ್ಕಳ ವಿಭಾಗಕ್ಕೆ ಪಿಜಿ ಸೇರಿದ್ದು 1982ರಲ್ಲಿ, ಸರ್ಕಾರಿ ಆಸ್ಪತ್ರೆಯೊಂದಕ್ಕೆ. ಎರಡು ಹಗಲು ಒಂದು ರಾತ್ರಿ ಒಂದೇ ಸಮನೆ ಡ್ಯೂಟಿ ಅನ್ನುವುದು ನಮಗೆ ಮಾಮೂಲಿ. ಜೊತೆಯವನಿಗೆ ಜ್ವರ ಬಂದರೆ ಅದು ಎರಡು ರಾತ್ರಿಯಾಗುತ್ತಿತ್ತು. ಅಂಥದೇ ಒಂದು ಎರಡನೇ ರಾತ್ರಿ, ಮೂರು ಗಂಟೆ ಹೊತ್ತಿಗೆ, ಉಬ್ಬಸದಿಂದ ಎದೆ ಒಳಕ್ಕೆ ಸೆಳೆಯುತ್ತಿದ್ದ ಮಗುವನ್ನು ತಂದರು. ಹತ್ತು ಕಿಲೋ ತೂಕ. ಆಗ ಇಂಥದ್ದಕ್ಕೆ ಕೈಗೆ ಮೊದಲು ಬರುತ್ತಿದ್ದ ಔಷಧಿ ಅಮೈನೋಫಿಲಿನ್. ಕೇಸ್ ಶೀಟಿನಲ್ಲಿ ಡೋಸ್ ಬರೆದು ಪಕ್ಕದ ಹಾಸಿಗೆಗೆ ಹೋದೆ. ಸ್ವಲ್ಪ ಹೊತ್ತಿನಲ್ಲಿ ಹಿರಿಯ ಸಿಸ್ಟರ್ ಬಂದು ಅಂಗೈ ತೋರಿಸಿದರು. ಅಂಗೈಯಲ್ಲಿ ಎರಡು ಗಾಜಿನ ಆಂಪ್ಯೂಲ್, ಇನ್ನೂ ಕತ್ತು ಮುರಿದಿರಲಿಲ್ಲ. "ಡಾಕ್ಟ್ರೇ, ಇಷ್ಟು ಸಣ್ಣ ಮಗುವಿಗೆ ಎರಡು ಆಂಪ್ಯೂಲಾ?"

ಒಂದು ಆಂಪ್ಯೂಲಿನಲ್ಲಿರುವುದು 250 ಮಿಲಿಗ್ರಾಂ. ಮಗುವಿಗೆ ಬೇಕಿದ್ದದ್ದು 50. ನಾನು ಬರೆದದ್ದು 500. ಆ ಮದ್ದು ಪೂರ್ತಿ ಒಳಗೆ ಹೋಗಿದ್ದರೆ ಉಬ್ಬಸದ ಚಿಂತೆಯೇ ಇರುತ್ತಿರಲಿಲ್ಲ, ಮಗುವಿನ ಎದೆಬಡಿತವೇ ತಪ್ಪಿ ನಿಲ್ಲುತ್ತಿತ್ತು. ಸಿಸ್ಟರ್ ಯಾರಿಗೂ ಹೇಳಲಿಲ್ಲ. ನನ್ನ ಕೈಯಿಂದಲೇ ಸೊನ್ನೆ ಹೊಡೆಸಿ, ಪಕ್ಕದಲ್ಲಿ ಸಹಿ ಹಾಕಿಸಿ, "ಹತ್ತು ನಿಮಿಷ ಕೂತ್ಕೊಳ್ಳಿ" ಅಂತ ತಮ್ಮ ಸ್ಟೂಲನ್ನು ಬಿಟ್ಟುಕೊಟ್ಟರು.

ಇದಾದ ಮೂವತ್ತು ವರ್ಷ ನಾನು ವಿದ್ಯಾರ್ಥಿಗಳ ಮುಂದೆ ಆ ರಾತ್ರಿಯ ಬಗ್ಗೆ ಎಷ್ಟು ಸಲ ಹೇಳಿಲ್ಲ! "ನಮ್ಮ ಕಾಲದಲ್ಲಿ ಎರಡೆರಡು ರಾತ್ರಿ ನಿದ್ದೆಯಿಲ್ಲದೆ ವಾರ್ಡ್ ನೋಡ್ತಿದ್ವಿ. ನೀವು ಒಂದು ನೈಟ್‌ಗೇ ಸುಸ್ತಾಗ್ತೀರಿ." ಹೀಗೆ ಹೇಳುವಾಗೆಲ್ಲ ಆ ಸೊನ್ನೆಯನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ನಿಮ್ಮ ಕಾಲೇಜಿನ ಹಿರಿಯರು "ನಮ್ಮ ಕಾಲದಲ್ಲಿ" ಅಂತ ಶುರುಮಾಡಿದರೆ ಗೌರವದಿಂದಲೇ ಕೇಳಿಸಿಕೊಳ್ಳಿ. ಅವರು ಬಿಟ್ಟ ಸೊನ್ನೆ ಎಲ್ಲಿದೆ ಅಂತ ಮನಸ್ಸಿನಲ್ಲೇ ಒಮ್ಮೆ ಹುಡುಕಿ.

ಇನ್ನೊಂದು ಸಂಗತಿ ಇದೆ, ಹೇಳುವುದು ಕಷ್ಟ. ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ನಾನೇ ಸೀನಿಯರ್ ಆದೆ. ನನ್ನ ಮೇಲೆ ಬಿದ್ದದ್ದನ್ನೆಲ್ಲ ಕೆಳಗಿನವರ ಮೇಲೆ ಇಳಿಸುವುದೇ ಪದ್ಧತಿ ಅಂದುಕೊಂಡಿದ್ದೆ. ಹಳ್ಳಿಯಿಂದ ಬಂದ ಒಬ್ಬ ಜೂನಿಯರ್ ಇದ್ದ, ಮಿತಭಾಷಿ, ಕೆಲಸ ನಿಧಾನ. ಒಂದು ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆ ರಕ್ತಪರೀಕ್ಷೆಯ ವರದಿ ಅಂಟಿಸಿಲ್ಲವೆಂದು ಕೇಸ್ ಶೀಟನ್ನು ಅವನ ಮುಖದ ಕಡೆಗೆ ಎಸೆದೆ. ಹಾಳೆಗಳು ಹಾಸಿಗೆಗಳ ನಡುವೆ ಚೆಲ್ಲಾಡಿದವು. ತಾಯಂದಿರು ನೋಡುತ್ತಿದ್ದರು. ಅವನು ಬಗ್ಗಿ ಒಂದೊಂದೇ ಹಾಳೆ ಆರಿಸಿ, ಪುಟ ಜೋಡಿಸಿ, ನನ್ನ ಕೈಗೇ ಕೊಟ್ಟ. ನಾಲ್ಕನೇ ತಿಂಗಳಲ್ಲಿ ಬಿಟ್ಟುಹೋದ. "ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ ಪಾಪ" ಅಂತ ನಾವೆಲ್ಲ ಟೀ ಕುಡಿಯುತ್ತಾ ಮಾತಾಡಿಕೊಂಡೆವು. ಅವನು ಯಾಕೆ ಹೋದ ಅಂತ ಮುಂದಿನ ವರ್ಷ ಸೇರಲು ಬಂದ ಹುಡುಗನೊಬ್ಬ ನನ್ನನ್ನೇ ಕೇಳಿದ. "ಮನೆಯಲ್ಲಿ ಏನೋ ತೊಂದರೆಯಂತೆ" ಅಂದೆ.

ಅದಕ್ಕೇ ಹೇಳುತ್ತಿದ್ದೇನೆ, ಯಾವ ಕಾಲೇಜಿಗಾದರೂ ಸೇರುವ ಮುಂಚೆ ಅಲ್ಲಿ ಇದ್ದವರನ್ನಷ್ಟೇ ಕೇಳಬೇಡಿ. ಬಿಟ್ಟುಹೋದವರನ್ನು ಹುಡುಕಿ ಕೇಳಿ. ಅಲ್ಲೇ ಇರುವವನಿಗೆ ಥೀಸಿಸ್ಸಿಗೆ ಸಹಿ ಆಗಬೇಕು, ಪರೀಕ್ಷೆ ಪಾಸಾಗಬೇಕು. ಅವನು "ಚೆನ್ನಾಗಿದೆ, ಸ್ವಲ್ಪ ಕೆಲಸ ಜಾಸ್ತಿ" ಅನ್ನುತ್ತಾನೆ. ಬಿಟ್ಟವನಿಗೆ ಆ ಹಂಗಿಲ್ಲ. ಅಂಥವರು ಅಪರೂಪವೂ ಅಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರಲ್ಲಿ ಮಾಹಿತಿ ಹಕ್ಕಿನಡಿ ಕೊಟ್ಟ ಲೆಕ್ಕದಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಓದು ಬಿಟ್ಟ 1,270 ವೈದ್ಯ ವಿದ್ಯಾರ್ಥಿಗಳ ಪೈಕಿ 1,117 ಮಂದಿ ಪಿಜಿಗಳೇ. ಅದೇ ಲೆಕ್ಕದಲ್ಲಿ ಜೀವ ಕಳೆದುಕೊಂಡವರು 122, ಅವರಲ್ಲಿ 58 ಪಿಜಿಗಳು. ಬಿಟ್ಟವರನ್ನೆಲ್ಲ ಕಾಲೇಜೇ ಓಡಿಸಿತು ಅನ್ನಲಾರೆ. ಒಳ್ಳೆಯ ಬ್ರಾಂಚು ಸಿಕ್ಕಿ ಹೋದವರಿರುತ್ತಾರೆ, ಮದುವೆಯಾಗಿ ಹೋದವರಿರುತ್ತಾರೆ. ಹಾಗಿದ್ದರೆ ಒಂದು ಫೋನಿನಲ್ಲಿ ತಿಳಿಯುತ್ತದೆ, ಮನಸ್ಸು ನಿರಾಳ. ಒಂದೇ ವಿಭಾಗದಿಂದ ಮೂರು ಬ್ಯಾಚಿನವರು ಬಿಟ್ಟಿದ್ದು, ಮೂವರೂ "ಬೇಡಪ್ಪಾ ಆ ಮಾತು" ಅಂದರೆ ಆ ಮೌನಕ್ಕೂ ಒಂದು ಅರ್ಥವಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಕೆಲಸ ಹೆಚ್ಚಿರುವ ಜಾಗಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಕೈ ಪಳಗುವುದೇ ಅಲ್ಲಿ. ನಮ್ಮ ಯೂನಿಟ್ ಚೀಫ್ ಸಿಡುಕಿನವರು, ಬಾಯಿ ಜೋರು. ಆದರೆ ರಾತ್ರಿ ಎರಡು ಗಂಟೆಗೆ ಕರೆ ಹೋದರೆ ಲುಂಗಿಯ ಮೇಲೆ ಶರ್ಟು ಸಿಕ್ಕಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ಎಳೆಗೂಸಿನ ನೆತ್ತಿಯಲ್ಲಿ ನರ ಹುಡುಕುವುದನ್ನು ಕೈಹಿಡಿದು ಕಲಿಸಿದ್ದು ಅವರೇ. ಬೈದ ಮೇಲೆ ಕಲಿಸುವವರು, ಬೈದ ಮೇಲೆ ಮನೆಗೆ ಹೋಗಿ ಮಲಗುವವರು, ಇವರಿಬ್ಬರೂ ದೂರದಿಂದ ಒಂದೇ ಥರ ಕಾಣುತ್ತಾರೆ. ಹತ್ತಿರ ಹೋಗಿ ನೋಡಬೇಕು. ದಣಿವು ನಿದ್ದೆ ಮಾಡಿದರೆ ಹೋಗುತ್ತದೆ. ಅವಮಾನ ಹಾಗೆ ಹೋಗುವುದಲ್ಲ.

ಜನ ಬೈಯುವ ಆಸ್ಪತ್ರೆಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ರೋಗಿಗಳೇ ಇಲ್ಲದ ಆಸ್ಪತ್ರೆ. ಇದನ್ನು ನಿಮ್ಮ ವಯಸ್ಸಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ಅಲ್ಲಿ ಆರಾಮಂತೆ ಸರ್, ಡ್ಯೂಟಿ ಕಮ್ಮಿ, ಓದ್ಕೋಬಹುದು" ಅನ್ನುತ್ತಾರೆ. ನನ್ನ ಸಹಪಾಠಿಯೊಬ್ಬನ ಮಗ ಹಾಗೆ ನೆಮ್ಮದಿ ಹುಡುಕಿಕೊಂಡು ಹೋಗಿ ಸರ್ಜರಿಗೆ ಸೇರಿದ. ಕಟ್ಟಡ ಅರಮನೆಯಂತಿತ್ತು. ಹೊರರೋಗಿ ವಿಭಾಗದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹನ್ನೆರಡು ಜನ. ಮೂರು ವರ್ಷ ಮುಗಿಸಿ ತಾಲ್ಲೂಕು ಆಸ್ಪತ್ರೆಗೆ ಬಂದಾಗ ಅಪೆಂಡಿಕ್ಸ್ ಒಡೆದ ಹುಡುಗಿಯೊಬ್ಬಳನ್ನು ಮೇಜಿನ ಮೇಲೆ ಮಲಗಿಸಿದ್ದರು. ಲಾಗ್‌ಬುಕ್ಕಿನ ಪ್ರಕಾರ ಅವನು ಅಂಥವನ್ನು ನಲವತ್ತು ಮಾಡಿದ್ದ. ಸ್ವಂತ ಕೈಯಿಂದ ಮಾಡಿದ್ದು ಎರಡು. ಆವತ್ತು ಪಕ್ಕದ ನರ್ಸಿಂಗ್ ಹೋಮಿನ ವಯಸ್ಸಾದ ಸರ್ಜನ್ ಓಡಿಬಂದು ಉಳಿಸಿಕೊಟ್ಟರು. ಹುಡುಗ ಜಾಣ, ನಾಚಿಕೆ ಬಿಟ್ಟು ಅವರ ಹತ್ತಿರವೇ ಎರಡು ವರ್ಷ ಅಸಿಸ್ಟೆಂಟಾಗಿ ನಿಂತು ಕಲಿತ. ಎಲ್ಲರಿಗೂ ಹಾಗೆ ಪಕ್ಕದಲ್ಲೊಬ್ಬರು ಸಿಗುತ್ತಾರೆಯೆ?

ಇನ್‌ಸ್ಪೆಕ್ಷನ್ ದಿನ ಬಸ್ಸಿನಲ್ಲಿ ಜನರನ್ನು ತಂದು ಹಾಸಿಗೆ ತುಂಬಿಸುವ, ಹೆಸರಿಗೆ ಮಾತ್ರ ಇರುವ ಪ್ರೊಫೆಸರುಗಳನ್ನು ಆವತ್ತು ಕರೆಸಿ ಕೂರಿಸುವ ಕತೆಗಳು ನಮ್ಮ ವೃತ್ತಿಯವರಿಗೆ ಹೊಸದಲ್ಲ. 2025ರಲ್ಲಿ ಸಿಬಿಐ ದಾಖಲಿಸಿದ ಪ್ರಕರಣದಲ್ಲಿ ತಪಾಸಣೆಯ ಗುಟ್ಟನ್ನು ಕಾಲೇಜುಗಳಿಗೆ ಮೊದಲೇ ಮುಟ್ಟಿಸಿದ ಆರೋಪವಿತ್ತು. ಅದೇ ವರ್ಷ ಮೇ 1ರಿಂದ ಬೋಧಕರ ಹಾಜರಿಗೆ ಆಧಾರ್ ಆಧಾರಿತ ಮುಖಚಹರೆ ಗುರುತನ್ನು ಕಡ್ಡಾಯ ಮಾಡಿದರು. ಕಾಯಿದೆ ಒಂದು ಬಾಗಿಲು ಮುಚ್ಚಿದರೆ ಜನ ಇನ್ನೊಂದನ್ನು ಹುಡುಕುತ್ತಾರೆ. ಆದ್ದರಿಂದ ಸರ್ಕಾರದ ಪಟ್ಟಿಯಲ್ಲಿ ಹೆಸರಿದೆ ಅನ್ನುವುದನ್ನೇ ನಂಬಿ ಕೂರಬೇಡಿ. ಖಾಲಿ ಉಳಿಯುವ ಸೀಟುಗಳ ಕಡೆಗೂ ಒಮ್ಮೆ ನೋಡಿ. 2023ರಲ್ಲಿ ನೀಟ್ ಪಿಜಿ ಕಟ್-ಆಫ್ ಪರ್ಸೆಂಟೈಲನ್ನು ಎಲ್ಲ ವರ್ಗಗಳಿಗೂ ಸೊನ್ನೆಗೆ ಇಳಿಸಿದ್ದು ನಿಮಗೆ ನೆನಪಿರಬಹುದು. ಪರೀಕ್ಷೆ ಬರೆದವರೆಲ್ಲ ಅರ್ಹರು ಎಂದಾಯಿತು, ಖಾಲಿ ಸೀಟು ತುಂಬಬೇಕಿತ್ತು. ಇಷ್ಟು ಜನ ಸೀಟಿಗೆ ಹಪಹಪಿಸುವ ದೇಶದಲ್ಲಿ ಕೆಲವು ಸೀಟು ವರ್ಷ ವರ್ಷವೂ ಖಾಲಿ ಉಳಿಯುತ್ತವೆ. ಕೆಲವಕ್ಕೆ ಫೀಸು ಕಾರಣ, ಕೆಲವಕ್ಕೆ ಯಾರಿಗೂ ಬೇಡದ ವಿಷಯ ಕಾರಣ. ಇವೆರಡೂ ಅಲ್ಲದಿದ್ದರೆ? ಕೊನೆಯ ಸುತ್ತಿನಲ್ಲಿ ಥಟ್ಟನೆ ಕೈಗೆ ಬಂದ ಒಳ್ಳೆಯ ಬ್ರಾಂಚನ್ನು ಅದೃಷ್ಟ ಅನ್ನುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಿ.

ಸರಿ, ತಿಳಿಯುವುದು ಹೇಗೆ? ನನ್ನ ತಂಗಿಯ ಮಗಳಿಗೆ ಹೇಳಿದ್ದು ಸರಳ. ಬಸ್ಸು ಹತ್ತು, ಹೋಗಿ ನೋಡು. ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಡ, ಆಗ ಎಲ್ಲ ಆಸ್ಪತ್ರೆಯೂ ಆಸ್ಪತ್ರೆಯ ಹಾಗೇ ಇರುತ್ತದೆ. ರಾತ್ರಿ ಹತ್ತರ ಮೇಲೆ ಹೋಗು. ಕ್ಯಾಷುಯಲ್ಟಿಯ ಮುಂದಿನ ಬೆಂಚಿನ ಮೇಲೆ ರೋಗಿಯ ಕಡೆಯವಳ ಹಾಗೆ ಒಂದು ತಾಸು ಕೂತಿರು. ಕಷ್ಟದ ಕೇಸು ಬಂದಾಗ ಮೊದಲ ವರ್ಷದ ಪಿಜಿ ಯಾರಿಗೆ ಫೋನ್ ಮಾಡುತ್ತಾನೆ, ಆ ಕಡೆಯವರು ಎತ್ತುತ್ತಾರೋ ಇಲ್ಲವೋ, ಎತ್ತಿದವರು ಬರುತ್ತಾರೋ ಇಲ್ಲವೋ, ಇಷ್ಟು ನೋಡಿದರೆ ಸಾಕು. ಆಮೇಲೆ ಕ್ಯಾಂಟೀನಿಗೆ ಹೋಗು. ಪಿಜಿಗಳು ಅಲ್ಲಿ ಕೂತು ತಿನ್ನುತ್ತಾರೋ, ನಿಂತೇ ಬನ್ನು ಬಾಯಿಗೆ ತುರುಕಿಕೊಂಡು ಓಡುತ್ತಾರೋ ನೋಡು. ಸೀನಿಯರ್ ಬಂದಾಗ ಜೂನಿಯರ್‌ಗಳ ಮಾತು ಮುಂದುವರಿಯುತ್ತದೋ, ನಿಲ್ಲುತ್ತದೋ? ನಿಂತರೆ ಆ ಮೇಜಿನಲ್ಲಿ ಏನೋ ಇದೆ.

ಸಿಸ್ಟರುಗಳನ್ನು ಮಾತಾಡಿಸುವುದನ್ನು ಮರೆಯಬೇಡಿ. ಎಚ್‌ಒಡಿ ಬದಲಾಗುತ್ತಾರೆ, ಮ್ಯಾನೇಜ್‌ಮೆಂಟು ಬದಲಾಗುತ್ತದೆ, ವಾರ್ಡಿನ ಸಿಸ್ಟರ್ ಇಪ್ಪತ್ತು ವರ್ಷದಿಂದ ಅಲ್ಲೇ ಇರುತ್ತಾರೆ. "ನಿಮ್ಮ ಮಗಳಾಗಿದ್ರೆ ಇಲ್ಲಿ ಸೇರಿಸ್ತಿದ್ರಾ ಸಿಸ್ಟರ್?" ಅಂತ ಕೇಳಿ. ಬಾಯಲ್ಲಿ ಏನೇ ಅನ್ನಲಿ, ಮುಖ ನೋಡಿ.

ದುಡ್ಡಿನ ವಿಷಯ ಕೇಳಲು ಸಂಕೋಚ ಬೇಡ. ರಾಜ್ಯ ಸರ್ಕಾರಿ ಕಾಲೇಜಿನ ಪಿಜಿಗಳಿಗೆ ಸಿಗುವಷ್ಟೇ ಸ್ಟೈಪೆಂಡನ್ನು ಖಾಸಗಿಯವರೂ ಕೊಡಬೇಕೆಂದು ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ ಹೇಳುತ್ತದೆ. ಆದರೆ ಅದೇ ವರ್ಷ ಆಯೋಗ ಖಾಸಗಿ ಕಾಲೇಜುಗಳ ಪಿಜಿಗಳನ್ನು ಕೇಳಿದಾಗ, ಪರಿಗಣಿಸಿದ 7,901 ಉತ್ತರಗಳಲ್ಲಿ 2,110 ಮಂದಿ ಸ್ಟೈಪೆಂಡೇ ಸಿಗುತ್ತಿಲ್ಲ ಅಂದರು. 1,228 ಮಂದಿ, ಕೊಟ್ಟ ದುಡ್ಡನ್ನು ಮ್ಯಾನೇಜ್‌ಮೆಂಟು ವಾಪಸ್ ತೆಗೆದುಕೊಳ್ಳುತ್ತದೆ ಅಂದರು. ನಿಮ್ಮ ಖಾತೆಗೆ ಬಂದದ್ದನ್ನು ನಿಮ್ಮ ಕೈಯಿಂದಲೇ ಕಸಿಯುವ ಜಾಗದಲ್ಲಿ ಇನ್ನುಳಿದದ್ದೂ ಹಾಗೇ ಇರುತ್ತದೆಂಬುದು ನನ್ನ ಅನುಭವ. ಸ್ಟೈಪೆಂಡು ಬರೀ ದುಡ್ಡಲ್ಲ, ಆ ಮನೆಯ ನಡತೆಯ ಕನ್ನಡಿ.

ಕೆಲಸದ ಗಂಟೆಗಳ ಬಗ್ಗೆ ಕಾಗದದ ಮೇಲೆ ನಾವು ಬಡವರಲ್ಲ. 1992ರಲ್ಲೇ ಕೇಂದ್ರದ ರೆಸಿಡೆನ್ಸಿ ಯೋಜನೆ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರಬಾರದು ಅಂದಿತ್ತು. ಹಾಗೆ ನಡೆದ ವಾರ್ಡನ್ನು ನಾನಂತೂ ಕಂಡಿಲ್ಲ. 2023ರ ನಿಯಮಾವಳಿ ಗಂಟೆಯ ಲೆಕ್ಕ ಬಿಟ್ಟು "ಸಮಂಜಸ" ಅನ್ನುವ ಪದ ಹಾಕಿಕೊಂಡಿತು. ಯಾರಿಗೆ ಸಮಂಜಸ? ನಮ್ಮ ನಿಮ್ಹಾನ್ಸಿನ ಡಾ. ಸುರೇಶ್ ಬಡಾ ಮಠ್ ಅವರ ನೇತೃತ್ವದ ರಾಷ್ಟ್ರೀಯ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ ಮಾತ್ರ ಸ್ಪಷ್ಟವಾಗಿ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಕೊಡಿ ಅಂದಿದೆ. ಅದು ಶಿಫಾರಸು, ನೆನಪಿರಲಿ. ನಿದ್ದೆಗೆಡಿಸಿ ದುಡಿಸುವ ಈ ಪದ್ಧತಿಯ ಬೇರು ಹುಡುಕಿದರೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜನ್ ಹಾಲ್‌ಸ್ಟೆಡ್ ಸಿಗುತ್ತಾರೆ. ಹಗಲೂ ರಾತ್ರಿ ಆಸ್ಪತ್ರೆಯಲ್ಲೇ ವಾಸ ಮಾಡಬೇಕೆಂಬ ಅರ್ಥದಲ್ಲೇ "ರೆಸಿಡೆಂಟ್" ಅನ್ನುವ ಮಾತು ಬಂದದ್ದು. ಆ ಮಹಾನುಭಾವರು ಕೊಕೇನಿಗೂ ಆಮೇಲೆ ಮಾರ್ಫಿನ್ನಿಗೂ ಅಂಟಿಕೊಂಡಿದ್ದವರು. ನಿದ್ದೆಗೆಟ್ಟು ದುಡಿಯುವುದೇ ವೈದ್ಯನ ಲಕ್ಷಣವೆಂದು ಯಾರಾದರೂ ಉಪದೇಶ ಮಾಡಿದರೆ ನನಗೆ ಇದು ನೆನಪಾಗಿ ನಗು ಬರುತ್ತದೆ.

ಒಳಗೆ ಹೋಗುವ ಮುಂಚೆ ಹೊರಗೆ ಬರುವ ದಾರಿ ತಿಳಿದುಕೊಳ್ಳಿ. ಇದು ಅಪಶಕುನವಲ್ಲ. ಸಿನಿಮಾ ಟಾಕೀಸಿನಲ್ಲೂ ಹೊರಬಾಗಿಲ ಮೇಲೆ ಕೆಂಪು ದೀಪ ಇರುವುದಿಲ್ಲವೆ? ಆಲ್ ಇಂಡಿಯಾ ಕೋಟಾದಲ್ಲಿ ಮೊದಲ ಸುತ್ತಿನ ಸೀಟನ್ನು ದಂಡವಿಲ್ಲದೆ ಬಿಡಬಹುದು, ಆಮೇಲಾಮೇಲೆ ಠೇವಣಿ ಹೋಗುತ್ತದೆ, ಕಡೆಯ ಸುತ್ತಿನಲ್ಲಿ ಬಿಟ್ಟರೆ ಮುಂದಿನ ಪರೀಕ್ಷೆಗೇ ಕುತ್ತು. ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮ ಬೇರೆ, ವರ್ಷಕ್ಕೊಮ್ಮೆ ಬದಲಾಗುವುದೂ ಉಂಟು. ಗೆಳೆಯ ಹೇಳಿದ್ದನ್ನು ನಂಬದೆ ಆ ವರ್ಷದ ಬುಲೆಟಿನ್ನನ್ನೇ ಓದಿ. ಇನ್ನು ಬಾಂಡು. ಸೇರಿದ ಮೇಲೆ ಸೀಟು ಬಿಟ್ಟರೆ ಲಕ್ಷಗಟ್ಟಲೆ ಕಟ್ಟಬೇಕೆಂದು ಬರೆಸಿಕೊಳ್ಳುವ ಪದ್ಧತಿಯನ್ನು ಕೈಬಿಡಿ, ಬದಲಿಗೆ ಒಂದು ವರ್ಷ ಪ್ರವೇಶ ತಡೆಹಿಡಿದರೆ ಸಾಕು ಎಂದು ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳಿಗೆ ಬರೆಯಿತು. ಬರೆದ ಮಾತ್ರಕ್ಕೆ ಎಲ್ಲ ಕಡೆ ಬಿಟ್ಟರೆಂದಲ್ಲ. ಛಾಪಾ ಕಾಗದದ ಮೇಲೆ ತಂದೆಯ ಕೈಯಲ್ಲಿ ಸಹಿ ಹಾಕಿಸುವ ಮುಂಚೆ ಮೊತ್ತ ಎಷ್ಟು, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಯಾರ ಬೀರುವಿನಲ್ಲಿ ಇರುತ್ತದೆ ಅಂತ ಓದಿಸಿ ಕೇಳಿ. ಮನೆ ಅಡವಿಟ್ಟು ಸಾಲ ಮಾಡಿ ಸೇರುವವರಂತೂ ಎರಡು ಸಲ ಓದಿ. ಸಾಲ ಇದ್ದವನಿಗೆ ಬಾಗಿಲು ತೆರೆದಿದ್ದರೂ ಎದ್ದು ಹೋಗಲು ಆಗುವುದಿಲ್ಲ.

ಅಮೆರಿಕದ ಕನಸು ಕಾಣುವವರಿಗೆ ಬೇರೊಂದು ಕತೆ ಹೇಳಬೇಕು. ಅಲ್ಲಿ ಎಲ್ಲ ಸರಿ ಇರುತ್ತದೆ ಅನ್ನುವ ಭ್ರಮೆ ನಮ್ಮ ಹುಡುಗರಿಗೆ ಜಾಸ್ತಿ. ಫಿಲಡೆಲ್ಫಿಯಾದಲ್ಲಿ ಹಾನೆಮನ್ ಯೂನಿವರ್ಸಿಟಿ ಆಸ್ಪತ್ರೆ ಅಂತ ಇತ್ತು, ಹೋಮಿಯೋಪತಿಯ ಮೂಲಪುರುಷನ ಹೆಸರು ಹೊತ್ತದ್ದು, 1848ರಷ್ಟು ಹಳೆಯ ಬೇರು. 2018ರಲ್ಲಿ ಅದನ್ನು ಹೊಸ ಮಾಲೀಕರು ಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಕೆಲಸಗಾರರನ್ನು ತೆಗೆದರು. ಜೂನ್ ಕೊನೆಯ ವಾರ, ಸರಿಯಾಗಿ ಹೊಸ ಬ್ಯಾಚಿನ ರೆಸಿಡೆಂಟುಗಳು ಕೆಲಸಕ್ಕೆ ಸೇರುವ ಹೊತ್ತಿಗೆ, ಆಸ್ಪತ್ರೆ ಮುಚ್ಚುತ್ತೇವೆ ಎಂದು ಸಾರಿದರು. ಐನೂರಕ್ಕೂ ಹೆಚ್ಚು ರೆಸಿಡೆಂಟುಗಳು ಒಂದೇ ಬೆಳಿಗ್ಗೆ ನೆಲೆ ಕಳೆದುಕೊಂಡರು. ದಿವಾಳಿ ನ್ಯಾಯಾಲಯದಲ್ಲಿ ಅವರ ಸೀಟುಗಳೇ ಸ್ವತ್ತಾಗಿ ಹರಾಜಿಗೆ ಬಂದವು, 5.5 ಕೋಟಿ ಡಾಲರಿನವರೆಗೆ ಕೂಗು ಹೋಯಿತು. ಅಲ್ಲಿನ ಕೇಂದ್ರ ಸರ್ಕಾರ ಅಡ್ಡ ನಿಂತದ್ದರಿಂದ ಆ ಮಾರಾಟ ಕೈಗೂಡಲಿಲ್ಲ. ಆ ರೆಸಿಡೆಂಟುಗಳು ನೋಡಿದ ರೋಗಿಗಳು ಮುಂದೆ ದಾವೆ ಹೂಡಿದರೆ ವಿಮೆ ಯಾರು ಕಟ್ಟಬೇಕೆಂಬ ಜಗಳ ತಿಂಗಳುಗಟ್ಟಲೆ ಎಳೆಯಿತು. ಜೆ-1 ವೀಸಾದ ಮೇಲೆ ಹೋದ ಹೊರದೇಶದ ವೈದ್ಯರ ಪಾಡು ಹೇಳುವುದೇ ಬೇಡ. ತರಬೇತಿ ನಿಂತರೆ ದೇಶ ಬಿಡಲು ಆ ವೀಸಾ ಕೊಡುವ ಗಡುವು ಮೂವತ್ತು ದಿನ. ಬಹುತೇಕ ಎಲ್ಲರಿಗೂ ಬೇರೆ ಕಡೆ ಜಾಗ ಸಿಕ್ಕಿತು ಅನ್ನುವುದು ನಿಜ. ಆದರೆ ಗರ್ಭಿಣಿ ಹೆಂಡತಿಯನ್ನು, ಆಗಷ್ಟೇ ಕರಾರು ಮಾಡಿಕೊಂಡ ಬಾಡಿಗೆ ಮನೆಯನ್ನು ಇಟ್ಟುಕೊಂಡವರಿಗೆ ಆ ಬೇಸಿಗೆ ಹೇಗೆ ಕಳೆದಿರಬೇಕು ಊಹಿಸಿ. ಅಲ್ಲಿಗೆ ಹೋಗುವವರು ಮಾಲೀಕರು ಯಾರು, ಈಚೆಗೆ ಕೈ ಬದಲಾಯಿತೆ ಅಂತ ನೋಡಿ. ಮಾನ್ಯತೆ ಕೊಡುವ ಎಸಿಜಿಎಂಇ ಯಾವ ಕಾರ್ಯಕ್ರಮವನ್ನು ಎಚ್ಚರಿಕೆಯಲ್ಲಿಟ್ಟಿದೆ, ಯಾವುದನ್ನು ಪ್ರೊಬೇಷನ್ನಿನಲ್ಲಿಟ್ಟಿದೆ ಅನ್ನುವುದು ಗುಟ್ಟಲ್ಲ. ಅಲ್ಲಿ ಸೀಟು ಹಂಚುವ 'ಮ್ಯಾಚ್' ಆದಮೇಲೆ ಒಪ್ಪಂದಕ್ಕೆ ಕಟ್ಟುಬೀಳಬೇಕು, ಆದ್ದರಿಂದ ಪಟ್ಟಿ ಮಾಡುವಾಗಲೇ ಬೇಡದ್ದನ್ನು ಹೊರಗಿಡಿ.

ಈಗಾಗಲೇ ಸೇರಿಬಿಟ್ಟವರು ಇದನ್ನು ಓದುತ್ತಾ ಹೊಟ್ಟೆ ಕಿವುಚಿಕೊಳ್ಳುತ್ತಿರಬಹುದು. ಕೇಳಿ. ಕಾಲ ಮೀರಿಲ್ಲ. ಮೊದಲು ಒಂದು ಸಣ್ಣ ಡೈರಿ ಇಡಿ. ಎಷ್ಟು ಗಂಟೆ ದುಡಿದಿರಿ, ಯಾರು ಏನಂದರು, ದಿನಾಂಕ ಹಾಕಿ ಬರೆಯಿರಿ. ನಾಳೆ ದೂರು ಕೊಡಬೇಕಾದರೂ ಅದು ಬೇಕು, ನಿಮಗೆ ಹುಚ್ಚು ಹಿಡಿದಿಲ್ಲ ಅಂತ ನಿಮಗೇ ಗೊತ್ತಾಗಲೂ ಬೇಕು. ಹಾಸ್ಟೆಲಿನಲ್ಲೇ ಇರಬೇಕೆಂಬ ಕಡ್ಡಾಯ ಪಿಜಿಗಳಿಗಿಲ್ಲ, ಉಸಿರುಕಟ್ಟಿದರೆ ಹೊರಗೊಂದು ಕೋಣೆ ಮಾಡಿ. ಮನೆಗೆ ಫೋನ್ ಮಾಡಿದಾಗ "ಚೆನ್ನಾಗಿದೀನಿ" ಅನ್ನುವ ಸುಳ್ಳನ್ನು ವಾರಕ್ಕೊಂದು ದಿನವಾದರೂ ಬಿಡಿ. ರಾತ್ರಿ ಕತ್ತಲು ತೀರಾ ದಟ್ಟವಾಯಿತು ಅನಿಸಿದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ನೀವೇ ವೈದ್ಯರು ಅನ್ನುವುದು ಆ ನಂಬರನ್ನು ಒತ್ತದಿರಲು ಕಾರಣವಲ್ಲ.

ಬಿಡುವುದೇ ಸರಿ ಅನಿಸಿದರೆ ಬಿಡಿ. ನನ್ನ ಬ್ಯಾಚಿನ ಗೆಳತಿಯೊಬ್ಬಳು ಹೆರಿಗೆ ವಿಭಾಗಕ್ಕೆ ಸೇರಿ ಏಳನೇ ತಿಂಗಳಲ್ಲಿ ಬಿಟ್ಟಳು. ಅವರಪ್ಪ ಒಂದು ವರ್ಷ ಮಾತು ಬಿಟ್ಟಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದಳು, ಮತ್ತೆ ಪರೀಕ್ಷೆ ಬರೆದಳು, ಅರಿವಳಿಕೆ ತಜ್ಞೆಯಾದಳು. ಈಗ ಭೇಟಿಯಾದಾಗ ಅವಳಿಗೆ ಆ ಮೂರು ವರ್ಷ ಕಳೆದುಹೋದ ಲೆಕ್ಕವೇ ನೆನಪಿಲ್ಲ. ನನಗೆ ನೆನಪಿರುವುದು ಹಾಳೆ ಆರಿಸಿಕೊಂಡ ಆ ಹುಡುಗ. ಅವನ ಹೆಸರನ್ನು ಎಲ್ಲಾದರೂ ಬೋರ್ಡಿನ ಮೇಲೆ ಕಂಡರೆ ಕಾರು ನಿಧಾನ ಮಾಡುತ್ತೇನೆ. ಇದುವರೆಗೆ ಅವನಾಗಿಲ್ಲ.

ತಂಗಿಯ ಮಗಳು ನನ್ನ ಮಾತು ಕೇಳಿದಳು. ತಮ್ಮನನ್ನು ಜೊತೆಗೆ ಕರೆದುಕೊಂಡು ಮೂರನೇ ದಿನ ಆ ಊರಿಗೆ ಹೋದಳು. ರಾತ್ರಿ ಹನ್ನೊಂದೂಮುಕ್ಕಾಲಿಗೆ ಬಸ್ ಸ್ಟ್ಯಾಂಡಿನಿಂದ ಫೋನ್ ಬಂತು, ಹಿಂದೆ ಕಂಡಕ್ಟರು ಊರ ಹೆಸರು ಕೂಗುತ್ತಿದ್ದ. ಕ್ಯಾಷುಯಲ್ಟಿಯಲ್ಲಿ ಒಂದೂವರೆ ತಾಸು ಕೂತಿದ್ದಳಂತೆ. ಮೊದಲ ವರ್ಷದ ಪಿಜಿ ಒಬ್ಬಳೇ ಇದ್ದಳಂತೆ, ಮೂರು ಸಲ ಫೋನ್ ಮಾಡಿದರೂ ಆ ಕಡೆಯಿಂದ ಯಾರೂ ಎತ್ತಲಿಲ್ಲವಂತೆ. ಕೊನೆಗೆ ಇವಳು ತಾನು ಯಾರೆಂದು ಹೇಳಿ ಮಾತಾಡಿಸಿದಾಗ ಆ ಹುಡುಗಿ ದೂರು ಹೇಳಲಿಲ್ಲ, ಯಾರನ್ನೂ ಬೈಯಲಿಲ್ಲ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕುತ್ತಾ ಇಷ್ಟೇ ಕೇಳಿದಳಂತೆ:

"ನೀವಿನ್ನೂ ಸೇರಿಲ್ಲ ಅಲ್ವಾ?"